ಈಸ್‌ಮೆಂಟ್ ಬರೆದುಕೊಟ್ಟರೆ ಹೊಲ ಸರ್ಕಾರದ ಪಾಲಾಗುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿ ಹೊಲಕ್ಕೆ ಕನ್ಸರ್ವೇಶನ್ ಈಸ್‌ಮೆಂಟ್ ಬರೆದುಕೊಟ್ಟರೆ ಜಮೀನು ಸರ್ಕಾರಕ್ಕೆ ಹೋಗುತ್ತದಂತೆ, ನಿಜವೇ?

ಇಲ್ಲ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಬರುತ್ತದೆ, ಈ ಸಲ ಬಿಡಿಸಿಯೇ ಹೇಳುತ್ತೇನೆ. ಕನ್ಸರ್ವೇಶನ್ ಈಸ್‌ಮೆಂಟ್ ಎಂದರೆ ಹೊಲ ಹೊಲವಾಗಿಯೇ ಉಳಿಯಲೆಂದು ಅದರ ಬಳಕೆಗೆ ನಿರ್ಬಂಧ ಹಾಕಿ ನೋಂದಾಯಿಸುವ ಪತ್ರ.

ಜಮೀನಿನ ಪತ್ರ ನಿಮ್ಮ ಹೆಸರಲ್ಲೇ ಇರುತ್ತದೆ. ಉಳಬಹುದು, ಗುತ್ತಿಗೆಗೆ ಕೊಡಬಹುದು, ಮಾರಬಹುದು, ಮಕ್ಕಳಿಗೆ ಬರೆದಿಡಬಹುದು. ಆಸ್ತಿ ತೆರಿಗೆ ಕಟ್ಟುವವರೂ ನೀವೇ. ಸರ್ಕಾರದ ಜಮೀನಾಗಿದ್ದರೆ ನೀವೇಕೆ ಕಟ್ಟಬೇಕಿತ್ತು? ನೀವು ಬಿಟ್ಟುಕೊಡುವುದು ಹೊಲವನ್ನು ಸೈಟು ಮಾಡುವ, ಮಾಲ್ ಕಟ್ಟುವ ಹಕ್ಕನ್ನು. ಈಸ್‌ಮೆಂಟ್ ಪಡೆದ ಲ್ಯಾಂಡ್ ಟ್ರಸ್ಟಾಗಲಿ (ಜಮೀನು ಕಾಪಾಡುವ ಲಾಭರಹಿತ ಸಂಸ್ಥೆ) ಕೌಂಟಿಯಾಗಲಿ (ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ) ಅಲ್ಲಿ ಲೇಔಟ್ ಮಾಡುವಂತಿಲ್ಲ. ಅವರಿಗಿರುವುದು ತಡೆಯುವ ಅಧಿಕಾರ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬಂದು ನೋಡಿ ಹೋಗುತ್ತಾರೆ. ಊರವರೆಲ್ಲ ಹೊಲಕ್ಕೆ ನುಗ್ಗುತ್ತಾರೆಂಬುದೂ ಸುಳ್ಳು. ಪತ್ರದಲ್ಲಿ ನೀವೇ ಒಪ್ಪಿಕೊಂಡಿದ್ದರೆ ಮಾತ್ರ ಸಾರ್ವಜನಿಕರಿಗೆ ಪ್ರವೇಶ.

ಗಾಳಿಮಾತು ಹುಟ್ಟಿದ್ದು ಬಹುಶಃ ಹಕ್ಕು ಬಿಟ್ಟುಕೊಟ್ಟದ್ದಕ್ಕೆ ರೈತನಿಗೆ ಸಿಗುವ ದುಡ್ಡು ಹಲವು ಸಲ ಸರ್ಕಾರದ್ದಾದ್ದರಿಂದ. ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿ 1974ರಲ್ಲೇ ಇಂಥ ಹಕ್ಕು ಕೊಳ್ಳುವ ಯೋಜನೆ ಶುರುಮಾಡಿತು. 2014ರ ಫಾರ್ಮ್ ಬಿಲ್ (ಅಮೆರಿಕದ ಕೃಷಿ ಕಾಯ್ದೆ) ಶುರುಮಾಡಿದ ಯೋಜನೆಯಡಿ ಅಲ್ಲಿನ ಕೃಷಿ ಇಲಾಖೆಯ ಸಂಸ್ಥೆಯಾದ ಎನ್‌ಆರ್‌ಸಿಎಸ್ ಈಸ್‌ಮೆಂಟ್ ಬೆಲೆಯ ಶೇ. 50ರವರೆಗೆ ಕೊಡುತ್ತದೆ, ವಿಶೇಷ ಹುಲ್ಲುಗಾವಲಿಗೆ ಶೇ. 75ರವರೆಗೆ. ಲೆಕ್ಕ ಹೀಗೆ: ಜಮೀನಿನ ಪೇಟೆ ಬೆಲೆ 10 ಲಕ್ಷ ಡಾಲರ್, ನಿರ್ಬಂಧ ಬಿದ್ದ ಮೇಲೆ 6 ಲಕ್ಷ ಎನ್ನಿ. ನಡುವಿನ 4 ಲಕ್ಷವೇ ಈಸ್‌ಮೆಂಟ್ ಬೆಲೆ. ಎನ್‌ಆರ್‌ಸಿಎಸ್‌ನಿಂದ ಹೆಚ್ಚೆಂದರೆ 2 ಲಕ್ಷ. ಉಳಿದದ್ದು ರಾಜ್ಯ, ಕೌಂಟಿ ಅಥವಾ ಟ್ರಸ್ಟ್‌ನಿಂದ ಬರಬೇಕು, ಇಲ್ಲವೇ ನಿಮ್ಮ ದಾನ. ಬಂದ ಹಣಕ್ಕೆ ಬಂಡವಾಳ ಲಾಭ ತೆರಿಗೆ ಬೀಳಬಹುದು. ದಾನಕ್ಕೆ ಆದಾಯ ತೆರಿಗೆ ವಿನಾಯಿತಿಯುಂಟು: ವರ್ಷದ ಆದಾಯದ ಶೇ. 50ರವರೆಗೆ, ಅರ್ಧಕ್ಕಿಂತ ಹೆಚ್ಚು ಗಳಿಕೆ ಬೇಸಾಯದ್ದಾದರೆ ಶೇ. 100ರವರೆಗೆ. ಮಿಕ್ಕಿದ್ದನ್ನು ಮುಂದಿನ 15 ವರ್ಷ ಬಳಸಬಹುದು. ಐಟಿ ಸಂಬಳದಲ್ಲಿದ್ದು ಹೊಲ ಕೊಂಡ ನಮ್ಮವರು ಮೊದಲ ಗುಂಪಿನವರು.

ಹೆದರಬೇಕಾದದ್ದು ಬೇರೆ ಇದೆ. ಈ ವಿನಾಯಿತಿ ಬೇಕೆಂದರೆ ನಿರ್ಬಂಧ ಶಾಶ್ವತವಾಗಿರಬೇಕು, ಮೊಮ್ಮಕ್ಕಳ ಕಾಲಕ್ಕೂ. ಜಮೀನು ಅಡಮಾನದಲ್ಲಿದ್ದರೆ ಬ್ಯಾಂಕು ತನ್ನ ಹಕ್ಕು ಈಸ್‌ಮೆಂಟ್‌ಗಿಂತ ಕೆಳಗೆಂದು ನೋಂದಣಿಗೆ ಮೊದಲೇ ಬರೆದುಕೊಡಬೇಕು. ಆಮೇಲೆ ತಂದರೆ ನಡೆಯುವುದಿಲ್ಲ; ಕೊಲರಾಡೊದ ಒಂದು ಪ್ರಕರಣದಲ್ಲಿ ವಿನಾಯಿತಿಯೇ ಹೋಯಿತು. ಮನೆ, ಕೊಟ್ಟಿಗೆ, ಟ್ರ್ಯಾಕ್ಟರ್ ಶೆಡ್‌ಗೆ ಜಾಗವನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿ. ಮಗನಿಗೊಂದು ಮನೆ ಬೇಕೆಂದು ಹತ್ತು ವರ್ಷದ ನಂತರ ನೆನಪಾದರೆ ಪತ್ರ ತಿದ್ದುವುದು ಬಹಳ ಕಷ್ಟ.

ಕೇಳದಿದ್ದರೂ ಹೇಳುತ್ತೇನೆ: ದೇವನಹಳ್ಳಿ ಸುತ್ತ ಇದು ಸಾಧ್ಯವೇ? ಹೀಗೇ ಎತ್ತಿ ತರಲಾಗದು. 1882ರ ನಮ್ಮ ಈಸ್‌ಮೆಂಟ್ ಕಾಯ್ದೆಯಲ್ಲಿ ಈ ಹಕ್ಕು ಇನ್ನೊಂದು ಜಮೀನಿನ ಅನುಭೋಗಕ್ಕೆ ಅಂಟಿಕೊಂಡಿರಬೇಕು. ಅಂಥ ಜಮೀನೇ ಇಲ್ಲದ ಟ್ರಸ್ಟ್ ಅದನ್ನು ಪಡೆಯುವಂತಿಲ್ಲ. ಅಲ್ಲದೆ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಭೂ ಪರಿವರ್ತನೆಗೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಅನುಮತಿ ಬೇಕು. ಅನುಮತಿಯೇ ಇನ್ನೂ ಸಿಗದ ಹಕ್ಕಿಗೆ ಬೆಲೆ ಕಟ್ಟುವುದು ಹೇಗೆ? ಆದರೆ ಮುಂದೊಂದು ದಿನ ಪರಿವರ್ತನೆ ಆದೀತೆಂಬ ಲೆಕ್ಕದಲ್ಲೇ ಅಲ್ಲಿ ಎಕರೆ ದರ ಏರಿದೆ. ರೈತನಿಗೆ ಪರಿಹಾರ ಕೊಡುವುದಾದರೆ ಆ ನಿರೀಕ್ಷೆಗೇ ಕೊಡಬೇಕಾಗುತ್ತದೆ, ಅದಕ್ಕೆ ಸದ್ಯ ಯಾವ ಕಾಯ್ದೆಯಲ್ಲೂ ದಾರಿಯಿಲ್ಲ.