ಕೊಲೆ ಕೇಸಿನಲ್ಲಿ ಜಾಮೀನು ಸಿಗೋದೇ ಇಲ್ವಾ?

ಪ್ರಶ್ನೆ: ನನ್ನ ಅಕ್ಕನ ಮಗ ಮುಂಬಯಿಯ ದಾದರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ರಾತ್ರಿ ನಡೆದ ಹೊಡೆದಾಟದಲ್ಲಿ ಒಬ್ಬರು ಸತ್ತರು. ನಾಲ್ವರು ಆರೋಪಿಗಳಲ್ಲಿ ಇವನೂ ಒಬ್ಬ. ನಾನ್‌-ಬೇಲೇಬಲ್ ಕೇಸು, ಜಾಮೀನು ಸಿಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ನಾನ್‌-ಬೇಲೇಬಲ್ ಅಂದರೆ ಜಾಮೀನು ತಾನಾಗಿ ಸಿಗುವ ಹಕ್ಕಲ್ಲ, ಕೊಡಬೇಕೋ ಬೇಡವೋ ಅಂತ ಕೋರ್ಟು ನೋಡಿ ಹೇಳುತ್ತದೆ, ಅಷ್ಟೇ. ಕೊಲೆ ಆರೋಪದಲ್ಲಿ ಮ್ಯಾಜಿಸ್ಟ್ರೇಟರ ಕೈ ಬಹುಮಟ್ಟಿಗೆ ಕಟ್ಟಿರುತ್ತದೆ. ಮಹಿಳೆ, ಮಗು, ಕಾಯಿಲೆಯವರಿದ್ದರೆ ಸ್ವಲ್ಪ ಸಡಿಲ. ಹಾಗಾಗಿ ನೀವು ಅದರ ಮೇಲಿನ ಸೆಷನ್ಸ್ ಕೋರ್ಟಿಗೆ ಅರ್ಜಿ ಹಾಕಬೇಕು. ಅಲ್ಲಿ ಆಗದಿದ್ದರೆ ಬಾಂಬೆ ಹೈಕೋರ್ಟು.

ಆ ಹಂತದಲ್ಲಿ ಹುಡುಗ ತಪ್ಪು ಮಾಡಿದ್ದಾನೋ ಇಲ್ಲವೋ ಅಂತ ಜಡ್ಜ್ ತೀರ್ಪು ಕೊಡುವುದಿಲ್ಲ. ಪೊಲೀಸರ ಕಾಗದಗಳಲ್ಲಿ ಇವನ ಪಾತ್ರ ಎಷ್ಟು ಅಂತ ನೋಡುತ್ತಾರೆ. ಚಾಕು ಹಿಡಿದವನು ಯಾರು, ಪಕ್ಕದಲ್ಲಿ ನಿಂತವನು ಯಾರು? ಸಾಕ್ಷಿ ಇವನ ಹೆಸರನ್ನು ಮೊದಲ ದಿನವೇ ಹೇಳಿದರೋ, ಹತ್ತು ದಿನ ಬಿಟ್ಟು ಹೇಳಿದರೋ? ಹಳೇ ಕೇಸುಗಳಿವೆಯೇ? ಹೊರಗೆ ಬಂದರೆ ಸಾಕ್ಷಿಗಳನ್ನು ಹೆದರಿಸುತ್ತಾನೆಯೇ? ವಿಚಾರಣೆ ಬೇಗ ಮುಗಿಯುವ ಲಕ್ಷಣ ಇದೆಯೇ? ಅದಕ್ಕೇ ಒಂದೇ ಎಫ್‌ಐಆರ್‌ನ ನಾಲ್ವರಲ್ಲಿ ಇಬ್ಬರಿಗೆ ಜಾಮೀನು ಸಿಕ್ಕಿ, ಉಳಿದಿಬ್ಬರಿಗೆ ಸಿಗದೆ ಹೋಗುವುದೂ ಉಂಟು.

ಕರ್ನಾಟಕದಿಂದ ಇಲ್ಲಿಗೆ ಕೆಲಸಕ್ಕೆ ಬಂದ ನಮ್ಮ ಹುಡುಗರಿಗೆ ಇನ್ನೊಂದು ತೊಡಕಿದೆ. ‘ಇವನು ಕರ್ನಾಟಕದವನು, ಬಿಟ್ಟರೆ ಊರಿಗೆ ಹೋಗಿ ತಲೆಮರೆಸಿಕೊಳ್ಳುತ್ತಾನೆ’ ಅಂತ ಸರಕಾರಿ ವಕೀಲರು ವಾದಿಸುತ್ತಾರೆ. ಹೋಟೆಲಿನ ಅಟ್ಟದಲ್ಲಿ ಮಲಗುವ ಹುಡುಗನಿಗೆ ಮುಂಬಯಿಯಲ್ಲಿ ರೇಷನ್ ಕಾರ್ಡ್ ಇರುತ್ತದೆಯೇ, ಲೈಟ್ ಬಿಲ್ ಇರುತ್ತದೆಯೇ? ಆಧಾರ್ ಮೇಲೂ ಊರಿನ ವಿಳಾಸವೇ. ಒಮ್ಮೆ ಬೈಂದೂರಿನ ಕಡೆಯ ತಾಯಿಯೊಬ್ಬರು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ ತಂದು ನನ್ನ ಮೇಜಿನ ಮೇಲೆ ಸುರಿದರು. ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಊರಿನ ರೇಷನ್ ಕಾರ್ಡ್, ದೇವಸ್ಥಾನದ ರಸೀದಿ, ಎಲ್ಲ ಇತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಎರಡೇ ಕಾಗದ: ಆರು ವರ್ಷದಿಂದ ನಮ್ಮಲ್ಲೇ ಇದ್ದಾನೆ ಅಂತ ಧಣಿ ಬರೆದುಕೊಟ್ಟ ಪತ್ರ, ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿರುವ ಚಿಕ್ಕಮ್ಮನ ಬಾಡಿಗೆ ಕರಾರು. ‘ಬಿಟ್ಟರೆ ಇಲ್ಲಿರುತ್ತಾನೆ’ ಅಂತ ತೋರಿಸಲು ಒಂದು ಮನೆ ಸಿಕ್ಕಿತು. ನೀವೂ ಅಂಥ ಕಾಗದ ಈಗಲೇ ಹುಡುಕಿ.

ಜಾಮೀನುದಾರರು ದೂರದ ನಿಮ್ಮ ಊರಿನವರು ಅನ್ನುವ ಒಂದೇ ಕಾರಣಕ್ಕೆ ಬೇಡ ಅನ್ನುವ ಹಾಗಿಲ್ಲ. 1978ರ ಮೋತಿ ರಾಮ್ ಪ್ರಕರಣ ಇದಕ್ಕೆ ಆಧಾರ. ಆತ ಮಧ್ಯಪ್ರದೇಶದ ಬಡ ಗಾರೆ ಕೆಲಸದವನು. ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದರು. ಸಹೋದರ ಜಾಮೀನು ನಿಲ್ಲಲು ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅದನ್ನೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕಿ, 1,000 ರೂಪಾಯಿಯ ಸ್ವಂತ ಬಾಂಡ್ (ಆರೋಪಿ ತಾನೇ ಬರೆದುಕೊಡುವ ಮುಚ್ಚಳಿಕೆ) ಮೇಲೆ ಬಿಡಲು ಹೇಳಿದರು. ದೂರದ ಊರಲ್ಲಿ ಬಂಧನವಾದ ಕನ್ನಡಿಗ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಅಂತ ಆ ತೀರ್ಪಿನಲ್ಲೇ ಕೇಳಿದ್ದಾರೆ. ಅದನ್ನು ಓದಿದಾಗಲೆಲ್ಲ ನಮ್ಮ ಹುಡುಗರ ಮುಖ ಕಣ್ಣ ಮುಂದೆ ಬರುತ್ತದೆ. ಜಾಮೀನು ಆದೇಶವಾದ ಮೇಲೆ ಶ್ಯೂರಿಟಿ, ಅಂದರೆ ಜಾಮೀನುದಾರರನ್ನು, ಹೊಂದಿಸಲು ತಡವಾಗುವಂತಿದ್ದರೆ, ಸದ್ಯಕ್ಕೆ ನಗದು ಕಟ್ಟಿ ಬಿಡಿಸಿಕೊಳ್ಳಲು ಅನುಮತಿ ಕೊಡಿ ಅಂತ ವಕೀಲರಿಂದ ಕೇಳಿಸಿ.

ಮಾದಕ ವಸ್ತು, ಮೋಕಾ (ಮಹಾರಾಷ್ಟ್ರದ ಸಂಘಟಿತ ಅಪರಾಧ ಕಾನೂನು), ಯುಎಪಿಎ (ಭಯೋತ್ಪಾದನೆಯಂಥ ಕೃತ್ಯಗಳ ವಿರುದ್ಧದ ಕಾನೂನು) ಕೇಸುಗಳ ಲೆಕ್ಕ ಬೇರೆ, ಅಲ್ಲಿ ಕಾನೂನೇ ಜಾಮೀನಿಗೆ ದೊಡ್ಡ ಅಡ್ಡಗೋಡೆ ಹಾಕಿದೆ. ಆದರೂ ವಿಚಾರಣೆ ವರ್ಷಗಟ್ಟಲೆ ಎಳೆದರೆ ಆ ಗೋಡೆಯೂ ಕರಗುತ್ತದೆ ಅಂತ 2021ರಲ್ಲಿ ನಜೀಬ್ ಎಂಬ ಆರೋಪಿಯ ಯುಎಪಿಎ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನೊಂದು ಮಾತು. ಮ್ಯಾಜಿಸ್ಟ್ರೇಟರು ಹುಡುಗನನ್ನು ಮೊದಲ ಸಲ ರಿಮಾಂಡ್ ಮಾಡಿದ, ಅಂದರೆ ಕಸ್ಟಡಿಗೆ ಕೊಟ್ಟ, ತಾರೀಖು ಇವತ್ತೇ ಬರೆದಿಟ್ಟುಕೊಳ್ಳಿ. ಆ ದಿನವನ್ನೂ ಸೇರಿಸಿ ಎಣಿಸಬೇಕು. 90 ದಿನ ಮುಗಿದರೂ ಪೊಲೀಸರು ಚಾರ್ಜ್‌ಶೀಟ್ (ಆರೋಪಪಟ್ಟಿ) ಹಾಕದಿದ್ದರೆ ಜಾಮೀನು ಅವನ ಹಕ್ಕು, ಕೊಲೆ ಕೇಸಾದರೂ ಸರಿ. ಆದರೆ ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಕೋರ್ಟಿನಲ್ಲಿರಬೇಕು. ಅದಕ್ಕೇ 91ನೇ ದಿನ ಬೆಳಿಗ್ಗೆ ಕೋರ್ಟು ತೆರೆಯುವ ಹೊತ್ತಿಗೆ ನಿಮ್ಮ ವಕೀಲರು ಅಲ್ಲಿರಲಿ.