ಮೂರೇ ವಾಟ್, ಮನೆ ತುಂಬಾ ಸಂಗೀತ

"ಎಷ್ಟು ವಾಟ್?"

ಗಾಜಿನ ಬುರುಡೆಯಂಥ ವಾಲ್ವ್‌ನಿಂದ ನಡೆಯುವ ನನ್ನ ಆಂಪ್ಲಿಫೈಯರ್ ನೋಡಿದವರು ಮೊದಲು ಕೇಳುವುದು ಇದನ್ನೇ. "ಮೂರು" ಅಂದರೆ ಮುಂದಿನ ಸೊನ್ನೆಗಳಿಗಾಗಿ ಕಾಯುತ್ತಾರೆ. ಸೊನ್ನೆ ಬರುವುದಿಲ್ಲ. ನಮ್ಮ ಬಚ್ಚಲುಮನೆಯ ಎಲ್‌ಇಡಿ ಬಲ್ಬೇ 9 ವಾಟ್. ಹಾಗಾಗಿ ಅವರ ಮುಖದಲ್ಲಿ ಕಾಣುವ ಕನಿಕರ ನನಗೆ ಅರ್ಥವಾಗುತ್ತದೆ. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿಯ ಮೇಲೆ "1000 ವಾಟ್ ಪಿಎಂಪಿಒ" ಎಂದು ಅಂಟಿಸಿ ಮಾರಿದ ಕಾಲದಲ್ಲಿ ಬೆಳೆದವರು ನಾವು. ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಹೇಳಿಕೊಳ್ಳುವ ಆ ಸಂಖ್ಯೆಗೆ ಜಾತಕದ ಗುಣಕೂಟಕ್ಕಿಂತ ಜಾಸ್ತಿ ಬೆಲೆ ಇರಲಿಲ್ಲ.

ಅಜ್ಜನ ಕಾಲದ ವಾಲ್ವ್ ರೇಡಿಯೋ ನೆನಪಿದೆಯಾ? ಹಾಕಿದ ಮೇಲೆ ಅರ್ಧ ನಿಮಿಷ ಮೌನ. ಬಿಸಿಯಾದ ಮೇಲೆ ಗಂಟಲು ಬಿಡುತ್ತಿತ್ತು. ಪಡಸಾಲೆಯಲ್ಲಿಟ್ಟರೆ ಅಂಗಳದಲ್ಲಿ ಅಡಿಕೆ ಸುಲಿಯುವವರಿಗೂ ವಾರ್ತೆ ಕೇಳುತ್ತಿತ್ತು. ಅದರ ಕೊನೆಯ ವಾಲ್ವ್ ಕೊಡುತ್ತಿದ್ದದ್ದು ಎರಡೋ ನಾಲ್ಕೋ ವಾಟ್ ಅಷ್ಟೇ. (ಜಾಲಹಳ್ಳಿಯ ಬಿಇಎಲ್ ರೇಡಿಯೋ ವಾಲ್ವ್ ಮಾಡಲು ಶುರು ಮಾಡಿದ್ದು 1961ರಲ್ಲಿ. ಹಳೇ ರಿಪೇರಿ ಅಂಗಡಿಯವರ ಡ್ರಾಯರಿನಲ್ಲಿ ಆ ಗಾಜಿನ ಬುರುಡೆಗಳನ್ನು ಹುಡುಕುವುದು ನನ್ನ ಚಟ.) ಗುಟ್ಟು ಇದ್ದದ್ದು ಸ್ಪೀಕರಿನಲ್ಲಿ. ಅಗಲವಾದ, ಹಗುರವಾದ ಕಾಗದದ ಕೋನ್. ಸ್ವಲ್ಪ ತಳ್ಳಿದರೂ ಸಾಕು, ಕುಣಿಯುತ್ತಿತ್ತು.

ಸ್ಪೀಕರಿಗೆ 1 ವಾಟ್ ಕೊಟ್ಟು, 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬಂತು ಎಂದು ಅಳೆಯುತ್ತಾರೆ. ಇದೇ ಸೆನ್ಸಿಟಿವಿಟಿ. ನೋಡಬೇಕಾದ ಸಂಖ್ಯೆ ಇದು. ಸ್ಪೀಕರಿನ ಹಿಂದೆ "100 ವಾಟ್" ಎಂದು ಬರೆದಿರುವುದು ಅದು ತಡೆದುಕೊಳ್ಳುವ ಮಿತಿ, ಬೇಡುವ ಊಟವಲ್ಲ. ಹತ್ತು ಟನ್ ಹೊರುವ ಲಾರಿಯಲ್ಲಿ ಒಂದು ಮೂಟೆ ಅಕ್ಕಿ ಸಾಗಿಸಬಾರದು ಅಂತ ಯಾರಾದರೂ ಹೇಳುತ್ತಾರಾ?

ಬಿಬಿಸಿ 70ರ ದಶಕದಲ್ಲಿ ತನ್ನ ಪ್ರಸಾರದ ವ್ಯಾನುಗಳಿಗಾಗಿ ಎಲ್ಎಸ್3/5ಎ ಎಂಬ ಪುಟ್ಟ ಸ್ಪೀಕರ್ ರೂಪಿಸಿತು. ಮಾತು, ಹಾಡು ಅದರಲ್ಲಿ ಬಲು ಸೊಗಸು. ಆದರೆ ಅದರ ಸೆನ್ಸಿಟಿವಿಟಿ ಸುಮಾರು 83 ಡೆಸಿಬೆಲ್. ಅಮೆರಿಕದ ಪಾಲ್ ಕ್ಲಿಪ್ಷ್ 1940ರ ದಶಕದಲ್ಲಿ ಕೋಣೆಯ ಮೂಲೆಗೆ ಕೂರಿಸಲೆಂದೇ ಮಾಡಿದ ಬೀರುವಿನಂಥ ಕ್ಲಿಪ್ಷ್‌ಹಾರ್ನ್‌ನದು 100ರ ಮೇಲೆ. 20 ಡೆಸಿಬೆಲ್ ಅಂತರ ಎಂದೇ ಇಟ್ಟುಕೊಳ್ಳಿ. ಪ್ರತಿ 10 ಡೆಸಿಬೆಲ್‌ಗೆ ಹತ್ತು ಪಟ್ಟು ವಾಟ್ ಬೇಕು, 20ಕ್ಕೆ ನೂರು ಪಟ್ಟು. ಅಂದರೆ ನನ್ನ 3 ವಾಟ್ ಕ್ಲಿಪ್ಷ್‌ಹಾರ್ನ್‌ನಲ್ಲಿ ಮಾಡುವ ಸದ್ದನ್ನು ಬಿಬಿಸಿಯ ಪುಟ್ಟಣ್ಣ ಮಾಡಬೇಕಾದರೆ 300 ವಾಟ್ ಬೇಕು. ಅಷ್ಟು ಕೊಟ್ಟರೆ ಅವನೊಳಗಿನ ತಂತಿಯ ಸುರುಳಿ ಕರಟಿಹೋಗುತ್ತದೆ.

ಈ ಲೆಕ್ಕ ನಾನು ಕಲಿತದ್ದು ಮುಖಭಂಗವಾದ ಮೇಲೆ. ಗೆಳೆಯನ ಮನೆಗೆ ಆಂಪ್ಲಿಫೈಯರ್ ಹೊತ್ತುಕೊಂಡು ಹೋಗಿದ್ದೆ. ಅವನ ಬುಕ್‌ಶೆಲ್ಫ್ ಸ್ಪೀಕರಿನಲ್ಲಿ ಆಲಾಪನೆ ಚೆನ್ನಾಗಿಯೇ ಕೇಳಿತು. ತನಿ ಆವರ್ತನ ಬಂದಾಗ ಮೃದಂಗದ ಒಂದೊಂದು ಪೆಟ್ಟೂ ಹಳೇ ಪಂಚೆ ಹರಿದ ಹಾಗೆ! ಸಂಗೀತದ ಸರಾಸರಿ ಸದ್ದಿಗೆ ಅರ್ಧ ವಾಟ್ ಸಾಕಾಗಬಹುದು. ಆದರೆ ಒಂದು ಪೆಟ್ಟು ಕ್ಷಣಮಾತ್ರಕ್ಕೆ ಅದರ ಹತ್ತು ಪಟ್ಟು, ಇನ್ನೂ ಜಾಸ್ತಿ ಕೇಳುತ್ತದೆ. ಆಗ ಪಾತ್ರೆ ಬರಿದಾಗಿರುತ್ತದೆ.

ಹಾಗಾದರೆ ಈಗಿನವರು ಸೆನ್ಸಿಟಿವಿಟಿ ಜಾಸ್ತಿ ಇರುವ ಸ್ಪೀಕರನ್ನೇ ಯಾಕೆ ಮಾಡುವುದಿಲ್ಲ? ಪೆಟ್ಟಿಗೆ ಚಿಕ್ಕದಾಗಿರಬೇಕು, ಬಾಸ್ ಆಳವಾಗಿರಬೇಕು, ಸೆನ್ಸಿಟಿವಿಟಿಯೂ ಬೇಕು. ಈ ಮೂರರಲ್ಲಿ ಎರಡೇ ಸಿಗುವುದು. ಇದಕ್ಕೆ ಹಾಫ್‌ಮನ್ನರ ಕಬ್ಬಿಣದ ನಿಯಮ ಎಂದೇ ಹೆಸರು. ಅಮೆರಿಕದ ಕೆಎಲ್‌ಎಚ್ ಸ್ಪೀಕರ್ ಕಂಪನಿಯ ಹೆಸರಿನಲ್ಲಿರುವ "ಎಚ್" ಇವರೇ. 1954ರಲ್ಲಿ ಎಡ್ಗರ್ ವಿಲ್ಚರ್ ಗಾಳಿ ಆಡದ ಮುಚ್ಚಿದ ಪೆಟ್ಟಿಗೆಯ ಸ್ಪೀಕರ್ ತಂದರು. ಚಿಕ್ಕ ಪೆಟ್ಟಿಗೆ, ಆಳವಾದ ಬಾಸ್. ಬಲಿಯಾದದ್ದು ಸೆನ್ಸಿಟಿವಿಟಿ. ಅಷ್ಟರಲ್ಲಿ ಟ್ರಾನ್ಸಿಸ್ಟರ್ ಬಂದು ವಾಟ್ ಅಗ್ಗವಾಯಿತು. ಯಾರಿಗೂ ಕೊರತೆ ಗೊತ್ತಾಗಲಿಲ್ಲ.

ಈಗ ನನಗೆ ಇಷ್ಟವಾದ ಜಾಗಕ್ಕೆ ಬರುತ್ತೇನೆ. ವಾಲ್ವ್ ನೂರಾರು ವೋಲ್ಟಿನಲ್ಲಿ ಕೆಲಸ ಮಾಡುತ್ತದೆ, ಆದರೆ ಅದು ಹರಿಸುವ ಕರೆಂಟ್ ಚೂರೇ ಚೂರು. ಸ್ಪೀಕರಿನದು ತದ್ವಿರುದ್ಧ. ವೋಲ್ಟ್ ಕಡಿಮೆ ಸಾಕು, ಕರೆಂಟ್ ಧಾರಾಳವಾಗಿ ಬೇಕು. ಇಬ್ಬರನ್ನೂ ನೇರವಾಗಿ ಜೋಡಿಸಿದರೆ ಸಂಸಾರ ನಡೆಯುವುದಿಲ್ಲ. ನಡುವೆ ಕೂರುವ ಮಧ್ಯಸ್ಥ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಹಾರೆ ಹಾಕಿ ಬಂಡೆ ಮೀಟಿದ್ದೀರಾ? ಕೈ ಮಾರುದ್ದ ಸರಿಯುತ್ತದೆ, ಬಂಡೆ ಬೆರಳಗಲ ಏಳುತ್ತದೆ. ಘಾಟಿಯಲ್ಲಿ ಸೈಕಲ್ಲಿನ ಗೇರ್ ಇಳಿಸುವುದೂ ಇದೇ ಕೆಲಸ. ಕಾಲು ಬೇಗ ಬೇಗ, ಚಕ್ರ ನಿಧಾನ, ಆದರೆ ಬಲವಾಗಿ. ಇಎಲ್84 ವಾಲ್ವಿಗೆ ತನ್ನ ಮುಂದೆ ಸುಮಾರು 5000 ಓಮ್ ಅಡ್ಡಿ ಇದ್ದರೆ ಹಿತ. ಸ್ಪೀಕರ್ ಇರುವುದು 8 ಓಮ್. 5000ವನ್ನು 8ರಿಂದ ಭಾಗಿಸಿದರೆ 625, ಅಂದರೆ 25ರ ವರ್ಗ. ಆ ಕಡೆ 25 ಸುತ್ತು ತಂತಿಗೆ ಈ ಕಡೆ 1 ಸುತ್ತು ಇದ್ದರೆ, ವಾಲ್ವಿನ ಕಣ್ಣಿಗೆ 8 ಓಮ್ ಸ್ಪೀಕರ್ 5000 ಓಮ್ ಆಗಿ ಕಾಣುತ್ತದೆ. ಎಷ್ಟು ಚೆಂದದ ಲೆಕ್ಕ, ಅಲ್ವಾ?

ಇನ್ನೂ ಒಂದು ಹೋಲಿಕೆ ಹೇಳದೆ ಬಿಡಲಾರೆ. ಸೆಖೆಯಲ್ಲಿ ಬರಿಗೈ ಬೀಸಿಕೊಂಡರೆ ಗಾಳಿ ಬರುವುದಿಲ್ಲ, ಸುಮ್ನೆ ಕೈ ನೋಯುತ್ತದೆ. ಗಾಳಿ ಅಷ್ಟು ಹಗುರ, ಹಿಡಿತಕ್ಕೇ ಸಿಗದು. ಬೀಸಣಿಗೆ ಹಿಡಿದರೆ ಸಿಗುತ್ತದೆ. ಸ್ಪೀಕರಿನ ಕೋನ್ ಕೂಡ ಬರಿಗೈ ಬೀಸುವ ಗಿರಾಕಿಯೇ. 92 ಡೆಸಿಬೆಲ್ಲಿನ ಒಳ್ಳೆಯ ಸ್ಪೀಕರ್ ಕೂಡ ಕೊಟ್ಟದ್ದರಲ್ಲಿ ನೂರಕ್ಕೆ ಸುಮಾರು ಒಂದು ಪಾಲನ್ನು ಮಾತ್ರ ಸದ್ದಾಗಿಸುತ್ತದೆ. ಮಿಕ್ಕಿದ್ದೆಲ್ಲ ಬಿಸಿ. ಕೊಂಬು ಕಟ್ಟಿದರೆ ಕೋನಿಗೆ ಗಾಳಿಯ ಹಿಡಿತ ಸಿಗುತ್ತದೆ. ಕಹಳೆಯ ಅಗಲ ಬಾಯಿ, ಗ್ರಾಮಫೋನಿನ ಕೊಂಬು, ಕ್ಲಿಪ್ಷ್‌ಹಾರ್ನ್ ಎಲ್ಲವೂ ಗಾಳಿಗೆ ಹಾಕಿದ ಗೇರ್. ಗ್ರಾಮಫೋನಿಗೆ ಒಂದು ವಾಟ್ ಆಂಪ್ಲಿಫೈಯರೂ ಇರಲಿಲ್ಲ ಎನ್ನುವುದನ್ನು ಮರೆಯಬೇಡಿ. 1930ರ ದಶಕದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಒಂದೇ 300ಬಿ ವಾಲ್ವಿನ 8 ವಾಟ್‌ನಲ್ಲಿ ಸಣ್ಣ ಸಿನಿಮಾ ಮಂದಿರಗಳನ್ನು ನಡೆಸಿದ್ದೂ ಕೊಂಬಿನ ಬಲದಿಂದಲೇ.

ಸ್ಪೀಕರಿನ ಮೇಲಿರುವ "8 ಓಮ್" ಕೂಡ ಅರ್ಧ ಸತ್ಯ. ಅದು ಒಂದು ಸ್ವರಕ್ಕೆ 5 ಇರಬಹುದು, ಬಾಸ್ ಬಳಿ 40ಕ್ಕೆ ಏರಬಹುದು. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಇದು ಲೆಕ್ಕಕ್ಕೇ ಇಲ್ಲ. ಫೀಡ್‌ಬ್ಯಾಕ್ (ಹೊರಬಂದದ್ದರಲ್ಲಿ ಒಂದಿಷ್ಟನ್ನು ಹಿಂದಕ್ಕೆ ಕೊಟ್ಟು ತಪ್ಪು ತಿದ್ದಿಕೊಳ್ಳುವ ಏರ್ಪಾಡು) ಇಲ್ಲದ ಸಣ್ಣ ವಾಲ್ವ್ ಆಂಪ್ಲಿಫೈಯರಿಗೋ, ತನ್ನ ಒಳಗೇ ಎರಡು ಮೂರು ಓಮ್ ಅಡ್ಡಿ ಇರುತ್ತದೆ. ಹಾಗಾಗಿ ಓಮ್ ಏರಿದ ಕಡೆ ಸದ್ದೂ ಉಬ್ಬುತ್ತದೆ. "ವಾಲ್ವಿನ ಬೆಚ್ಚಗಿನ ದನಿ" ಎಂದು ಕಣ್ಣು ಮುಚ್ಚಿ ಹೊಗಳುತ್ತಾರಲ್ಲ, ಅದರಲ್ಲಿ ಒಂದು ಪಾಲು ಈ ಉಬ್ಬು. ಮಂತ್ರವೂ ಇಲ್ಲ, ಚಿನ್ನದ ಪಿನ್ನಿನ ಕೇಬಲ್ಲಿನ ಮಹಿಮೆಯೂ ಇಲ್ಲ. ಓಮ್ ಹೆಚ್ಚು ಏರಿಳಿಯದ ಸ್ಪೀಕರ್ ಆರಿಸಿದರೆ ಬಾಸ್ ಹದಕ್ಕೆ ಬರುತ್ತದೆ. ಕೇಬಲ್ಲಿನ ದುಡ್ಡು ಉಳಿಯುತ್ತದೆ.

ಒಂದು ಎಚ್ಚರಿಕೆ. ಸ್ಪೀಕರ್ ಸಿಕ್ಕಿಸದೆ ವಾಲ್ವ್ ಆಂಪ್ಲಿಫೈಯರಿನಲ್ಲಿ ಹಾಡು ಹಾಕಬೇಡಿ. ಹೊರೆ ಇಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಹುಚ್ಚೆದ್ದು ಒಳಗೇ ಕಿಡಿ ಹಾರಬಹುದು.

ಆಂಪ್ಲಿಫೈಯರಿನ ಹಿಂದುಗಡೆ 4 ಮತ್ತು 8 ಓಮ್ ಎಂದು ಎರಡು ತಿರುಪುಗಳಿದ್ದರೆ ಸ್ಪೀಕರನ್ನು ಒಂದಾದ ಮೇಲೊಂದಕ್ಕೆ ಹಾಕಿ ಕೇಳಿ. ಆಂಪ್ಲಿಫೈಯರ್ ಆಫ್ ಮಾಡಿ, ತಂತಿ ಬದಲಿಸಿ, ಮತ್ತೆ ಹಾಕಿ, ಅಷ್ಟೇ. ನನ್ನ 8 ಓಮ್ ಸ್ಪೀಕರ್ ಈಗ 4ರ ತಿರುಪಿಗೆ ಕೂತಿದೆ. ಮೂರು ವಾಟ್‌ನಲ್ಲೂ ಒಂದಿಷ್ಟು ಕಳೆದುಕೊಂಡೆ. ಮೃದಂಗದ ಎಡಗೈ ಮಾತ್ರ ಬಿಗಿಯಾಯಿತು.