ನುಂಗಿದ ಕಿಣ್ವ ಎಲ್ಲಿಗೆ ಹೋಗುತ್ತದೆ?

ಮೇದೋಜೀರಕ ಗ್ರಂಥಿ ಕೆಟ್ಟವರಿಗೆ ಊಟ ಜೀರ್ಣವಾಗಲೆಂದು ಕೊಡುವ ಕಿಣ್ವದ ಔಷಧಿ ಪ್ಯಾಂಕ್ರಿಯಾಟಿನ್ ಎಷ್ಟು ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆ ಎಂದು ಕೇಳಿದರೆ, ಇಲ್ಲವೆನ್ನುವಷ್ಟು ಎಂದೇ ಬರೆಯಿರಿ. ಅದು ಸೇರಬೇಕಾಗಿಯೂ ಇಲ್ಲ. ಕಿಣ್ವದ ಔಷಧಿ ಯಾವುದೇ ಇರಲಿ, ಅದು ಎಲ್ಲಿ ಕೆಲಸ ಮಾಡಬೇಕು ಎಂಬುದನ್ನು ಮೊದಲು ನೋಡಿ.

ಕಿಣ್ವವೆಂದರೆ ಪ್ರೋಟೀನು. ಬೇಳೆ, ಮೊಟ್ಟೆಗೆ ಆಗುವುದೇ ಅದಕ್ಕೂ ಆಗುತ್ತದೆ: ಅಮೈನೋ ಆಮ್ಲ ಮತ್ತು ಎರಡು-ಮೂರು ಕೊಂಡಿಯ ಪೆಪ್ಟೈಡುಗಳಾಗಿ ಒಡೆದ ಮೇಲೆಯೇ ಕರುಳಿನ ಗೋಡೆ ದಾಟುತ್ತದೆ. ಸುಲಭವಾಗಿ ದಾಟುವ ಔಷಧಿಗಳ ಅಣುತೂಕ ಸಾಮಾನ್ಯವಾಗಿ 500ರ ಒಳಗೆ. ಟ್ರಿಪ್ಸಿನ್‌ನದು 23,000ಕ್ಕೂ ಮೇಲೆ.

ಪ್ಯಾಂಕ್ರಿಯಾಟಿನ್ ಹಂದಿಯ ಮೇದೋಜೀರಕ ಗ್ರಂಥಿಯಿಂದ ಬರುತ್ತದೆ. ಕೊಬ್ಬು ಒಡೆಯುವ ಲೈಪೇಸ್, ಪ್ರೋಟೀನು ಒಡೆಯುವ ಪ್ರೋಟಿಯೇಸ್, ಪಿಷ್ಟ ಒಡೆಯುವ ಅಮೈಲೇಸ್ ಮೂರೂ ಅದರಲ್ಲಿವೆ. ತೀರಾ ನಾಜೂಕಾದದ್ದು ಲೈಪೇಸ್. ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 4ಕ್ಕಿಂತ ಕೆಳಗಿಳಿದರೆ ಕೆಡುತ್ತದೆ, ಮತ್ತೆ ಸರಿಹೋಗುವುದಿಲ್ಲ. ಅದಕ್ಕೇ ಜಠರದ ಆಮ್ಲದಲ್ಲಿ ಕರಗದ ಎಂಟೆರಿಕ್ ಹೊದಿಕೆ. ಕ್ಯಾಪ್ಸೂಲ್ ಬಿಚ್ಚಿ ನೋಡಿದರೆ ರಾಗಿಕಾಳಿನ ಗಾತ್ರದ ಹರಳುಗಳು ಕಾಣುತ್ತವೆ. ಆ ಗಾತ್ರಕ್ಕೆ ಕಾರಣವಿದೆ: ಸುಮಾರು 2 ಮಿ.ಮೀ.ಗಿಂತ ದೊಡ್ಡದನ್ನು ಜಠರ ಊಟದ ಜೊತೆ ಮುಂದೆ ಬಿಡದೆ ತಡೆದಿಟ್ಟುಕೊಳ್ಳುತ್ತದೆ. ಹರಳು ಅನ್ನದೊಂದಿಗೇ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೊಡಿನಮ್ ತಲುಪಬೇಕು. ಅಲ್ಲಿ ಪಿಎಚ್ 5.5 ದಾಟಿದಾಗ ಹೊದಿಕೆ ಕರಗುತ್ತದೆ.

ವಯಸ್ಕರಿಗೆ ಒಂದು ಊಟಕ್ಕೆ ಸಾಮಾನ್ಯವಾಗಿ 25,000ದಿಂದ 50,000 ಲೈಪೇಸ್ ಯೂನಿಟ್, ತಿಂಡಿಗೆ ಅದರ ಅರ್ಧ. ಮೊದಲ ತುತ್ತಿನ ಜೊತೆ ಒಂದು, ಊಟದ ನಡುವೆ ಇನ್ನೊಂದು. ಕೈತೊಳೆದ ಮೇಲೆ ನುಂಗಿದರೆ ಅನ್ನ ಮುಂದೆ, ಕಿಣ್ವ ಹಿಂದೆ. ಕ್ಯಾಪ್ಸೂಲ್ ನುಂಗಲಾಗದವರು ಬಿಚ್ಚಿ, ಹಿಸುಕಿದ ಸೇಬಿನಂಥ ಹುಳಿ ಇರುವ ಮೆತ್ತನೆಯ ಆಹಾರಕ್ಕೆ ಉದುರಿಸಿ, ಅಗಿಯದೆ ಕೂಡಲೇ ನುಂಗಬೇಕು. ಹಾಲಿಗೆ ಹಾಕಲೇಬಾರದು, ಅದರ ಪಿಎಚ್ ಸುಮಾರು 6.6, ಹೊದಿಕೆ ಲೋಟದಲ್ಲೇ ಕರಗಿಬಿಡುತ್ತದೆ. ಅಗಿದ ಹರಳು ಬಾಯಲ್ಲಿ ಉಳಿದರೆ ಹುಣ್ಣಾಗುತ್ತದೆ.

ಸರಿಯಾಗಿ ತೆಗೆದುಕೊಂಡರೂ ಮಲ ಎಣ್ಣೆಜಿಡ್ಡಾಗಿ ತೇಲುತ್ತಿದೆಯೇ? ಅಂದರೆ ಕೊಬ್ಬು ಜೀರ್ಣವಾಗುತ್ತಿಲ್ಲ. ಕೆಟ್ಟ ಮೇದೋಜೀರಕದಲ್ಲಿ ಆಮ್ಲ ತಣಿಸುವ ಬೈಕಾರ್ಬೊನೇಟ್ ಕೂಡ ಕಡಿಮೆ. ಡ್ಯುವೊಡಿನಮ್ ಹುಳಿಯಾಗಿಯೇ ಉಳಿದು ಹೊದಿಕೆ ತಡವಾಗಿ ಕರಗುತ್ತದೆ. ಆಗ ವೈದ್ಯರು ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ಸೇರಿಸುತ್ತಾರೆ. ಪ್ರಮಾಣ ಏರಿಸುತ್ತಲೇ ಹೋಗುವಂತಿಲ್ಲ: ದಿನಕ್ಕೆ ಕಿಲೋ ತೂಕಕ್ಕೆ 10,000 ಯೂನಿಟ್ ಮಿತಿ. ಅತಿ ಹೆಚ್ಚು ಪ್ರಮಾಣ ಪಡೆದ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಮಕ್ಕಳಲ್ಲಿ ದೊಡ್ಡ ಕರುಳು ಕಿರಿದಾದದ್ದು 1990ರ ದಶಕದಲ್ಲಿ ಕಂಡುಬಂತು.

ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಕಿಣ್ವದ ಕಥೆಯೂ ಇಷ್ಟೇ: ಹಾಲಿನ ಜೊತೆ ಹೋಗಬೇಕು, ರಕ್ತಕ್ಕಲ್ಲ.

ಹಲ್ಲು ಕೀಳಿಸಿದಾಗ, ಕಾಲು ಉಳುಕಿದಾಗ ಬಾವು ಇಳಿಯಲೆಂದು ಬರೆಯುವ ಕಿಣ್ವ ಸೆರಾಶಿಯೋಪೆಪ್ಟಿಡೇಸ್ ಮಾತ್ರ ಬೇರೆ. ರೇಷ್ಮೆಹುಳುವಿನ ಕರುಳಿನ ಬ್ಯಾಕ್ಟೀರಿಯಾದಿಂದ ಬಂದ ಇದು ರಕ್ತ ಸೇರಿ ಊದಿದ ಜಾಗ ತಲುಪಿದರಷ್ಟೇ ಅರ್ಥ. ಅಣುತೂಕ ಸುಮಾರು 50,000. ಅತ್ಯಲ್ಪ ಭಾಗ ಇಡಿಯಾಗಿ ದಾಟುವುದು ಇಲಿಗಳಲ್ಲಿ ಕಂಡಿದೆ. ಆದರೆ ದಾಟುವುದು ಬೇರೆ, ಬಾವು ಇಳಿಸುವಷ್ಟು ದಾಟುವುದು ಬೇರೆ. ಜಪಾನಿನಲ್ಲಿ ಮರುಪರೀಕ್ಷೆ ಮಾಡಿದಾಗ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ಕಾಣದೆ, 2011ರಲ್ಲಿ ತಯಾರಕರೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು.